ಕರಾಕೋಲಿನ ಮರದ ಮಸೀದಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡರು. ಶಾಲೆಯ ಹಳೆಯ ದಿನಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಸಹಪಾಠಿಗಳು ಹಲವರಿರುವುದರಿಂದ, ಬೇರೊಂದು ವಿಷಯವನ್ನು ಆರಿಸಿಕೊಳ್ಳಲು ಅವರ ಅನುಮತಿ ಬೇಡಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕಟ್ಟಡ ಕಾಮಗಾರಿಗಳ ನಡುವೆಯೇ ಬಾಳಿದ ನನಗೆ, ನಿವೃತ್ತಿಯ ಬಳಿಕವೂ ಹೋದಲ್ಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಮಾಡು, ಕಂಬ, ತೊಲೆಗಳೇ. ಹಾಗೆ ಕಣ್ಣಿಗೆ ಬಿದ್ದ ಒಂದು ಕಟ್ಟಡದ ವಿಚಾರವನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ಅದು ಮಧ್ಯ ಏಷ್ಯದ ಕಿರ್ಗಿಜ್‌ಸ್ತಾನದ ಕರಾಕೋಲ್ ಎಂಬ ಊರಿನಲ್ಲಿದೆ. ಅದು ಮಸೀದಿ, ಆದರೆ ಅದಕ್ಕೆ ಗುಮ್ಮಟವಿಲ್ಲ. ದೂರದಿಂದ ನೋಡಿದವರು ಅದನ್ನು ಚೀನಾದ ಬೌದ್ಧ ಮಂದಿರವೆಂದೇ ತಿಳಿಯುವರು. ಅದನ್ನು ಕಟ್ಟಿಸಿದವರು ಚೀನಾದಿಂದ ಓಡಿ ಬಂದು ಪರನಾಡಿನಲ್ಲಿ ನೆಲೆಯೂರಿದ ಡುಂಗನ್ ಎಂಬ ಜನ. ಗಡಿಯ ಈಚೆಗೆ ಉಳಿದು ತಮ್ಮ ನುಡಿಯನ್ನು ಕಾಪಾಡಿಕೊಂಡು ಬಂದ ನಮ್ಮಂಥವರು ಅರಿತಿರಬೇಕಾದ ಕಥೆ ಅವರದು.

ಊರು ಮತ್ತು ದಾರಿ

ನನ್ನ ತಮ್ಮನ ಮಗಳು ಬಿಷ್ಕೆಕ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಭಾರತದ ಸಾವಿರಾರು ವಿದ್ಯಾರ್ಥಿಗಳು ಇಂದು ಕಿರ್ಗಿಜ್‌ಸ್ತಾನದ ವೈದ್ಯಕೀಯ ಕಾಲೇಜುಗಳಲ್ಲಿರುವುದು ಓದುಗರಿಗೆ ತಿಳಿದ ಸಂಗತಿಯೇ. ಕಳೆದ ಸೆಪ್ಟೆಂಬರಿನಲ್ಲಿ ಅವಳನ್ನು ನೋಡಿ ಬರಲು ಹೋದವನು, ಅವಳ ರಜೆಯ ಎರಡು ದಿನಗಳಲ್ಲಿ ಕರಾಕೋಲಿಗೂ ಹೋಗಿಬಂದೆ. ಬಿಷ್ಕೆಕಿನಿಂದ ಸುಮಾರು 400 ಕಿಲೋಮೀಟರ್ ದಾರಿ. ಅದರ ಅರ್ಧಕ್ಕೂ ಹೆಚ್ಚು ಭಾಗ ಇಸಿಕ್ ಕುಲ್ ಸರೋವರದ ದಡದಲ್ಲಿಯೇ ಸಾಗುತ್ತದೆ. ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದಲ್ಲಿ, ಸುಮಾರು 180 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿರುವ ಈ ಸರೋವರದ ನೀರು ಕೊಂಚ ಉಪ್ಪು. ಸುತ್ತಲೂ ಹಿಮದ ಬೆಟ್ಟಗಳಿದ್ದರೂ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವುದಿಲ್ಲ. ಆ ನುಡಿಯಲ್ಲಿ ಇಸಿಕ್ ಕುಲ್ ಎಂದರೆ ಬೆಚ್ಚನೆಯ ಸರೋವರವೆಂದೇ ಅರ್ಥ.

ನಮ್ಮ ಶಾಲೆಯ ಇತಿಹಾಸ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ ಈ ಸರೋವರದ ದಡದಲ್ಲಿ ನಡೆದು ಹೋದವನು. ಕ್ರಿ. ಶ. 630ರ ಆಸುಪಾಸಿನಲ್ಲಿ ತಿಯಾನ್‌ಶಾನ್ ಕಣಿವೆಗಳನ್ನು ದಾಟಿ, ಈ ನೀರನ್ನು ಬಳಸಿ ಪಶ್ಚಿಮಕ್ಕೆ ಸರಿದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಭಾರತಕ್ಕೆ ಬಂದನು. ಮುಂದೆ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಅಲ್ಲಿನ ಜನರ ಕಟ್ಟಾಳುತನವನ್ನೂ ಬರೆದಿಟ್ಟವನು ಈತನೇ. ಹಾಗಾಗಿ ಆ ದಾರಿ ಕನ್ನಡಿಗರಿಗೆ ತೀರ ಅಪರಿಚಿತವಲ್ಲ.

ಸರೋವರದ ಪೂರ್ವದ ತುದಿಯಾಚೆ, ಬೆಟ್ಟದ ತಪ್ಪಲಿನಲ್ಲಿ ಕರಾಕೋಲ್ ಇದೆ. 1869ರಲ್ಲಿ ರಷ್ಯದ ಚಕ್ರಾಧಿಪತ್ಯದ ಗಡಿಠಾಣೆಯಾಗಿ ಹುಟ್ಟಿದ ಊರು ಇದು. ಭೂಶೋಧಕ ಪ್ರಝೆವಾಲ್‌ಸ್ಕಿ 1888ರಲ್ಲಿ ಇಲ್ಲಿ ತೀರಿಕೊಂಡ ಕಾರಣ ಬಹುಕಾಲ ಅವನ ಹೆಸರಿನಿಂದಲೇ ಕರೆಯಲ್ಪಟ್ಟಿತು. ಸೋವಿಯತ್ ಒಕ್ಕೂಟ ಕುಸಿದ 1991ರಲ್ಲಿ ಕರಾಕೋಲ್ ಎಂಬ ಹೆಸರು ಮರಳಿ ಬಂತು. ಊರಿನ ಬೀದಿಗಳು ನೇರ, ಮನೆಗಳು ತಗ್ಗು, ಎಲ್ಲೆಲ್ಲೂ ಸೇಬಿನ ಮರ. ಅಲ್ಲಿನ ಮುಖ್ಯ ಕಟ್ಟಡಗಳೆರಡೂ ಮರದವು: ಒಂದು ರಷ್ಯನ್ನರ ಇಗರ್ಜಿ, ಇನ್ನೊಂದು ಈ ಮಸೀದಿ.

ಡುಂಗನ್ನರು ಯಾರು?

ಕಟ್ಟಡವನ್ನು ತಿಳಿಯುವ ಮೊದಲು ಕಟ್ಟಿದವರನ್ನು ತಿಳಿಯಬೇಕು. ಚೀನಾದಲ್ಲಿ ಹುಯಿ ಎಂಬ ಮುಸ್ಲಿಂ ಸಮುದಾಯವಿದೆ. ಇಂದು ಅವರ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ಅರಬ್ ಮತ್ತು ಪಾರಸಿ ವರ್ತಕರು, ಸೈನಿಕರು, ಕುಶಲಕರ್ಮಿಗಳು ಹಲವು ಶತಮಾನಗಳ ಅವಧಿಯಲ್ಲಿ ಚೀನಾಕ್ಕೆ ಬಂದು, ಅಲ್ಲಿಯವರನ್ನೇ ಮದುವೆಯಾಗಿ, ಅಲ್ಲಿಯ ನುಡಿಯನ್ನೇ ಮನೆಮಾತಾಗಿ ಮಾಡಿಕೊಂಡರು. ಅವರ ಸಂತತಿಯವರೇ ಹುಯಿ ಜನರು. ಮಾತು ಚೀನೀ, ಉಡಿಗೆ ಬಹುಮಟ್ಟಿಗೆ ಚೀನೀ, ಮನೆ ಚೀನೀ. ಪ್ರಾರ್ಥನೆ ಮಾತ್ರ ಇಸ್ಲಾಮಿನದು. ಅವರ ಮಸೀದಿಯೂ ಮನೆಯಂತೆ ಚೀನೀ ರೀತಿಯಲ್ಲಿಯೇ ಬೆಳೆಯಿತು. ಶಿಯಾನ್ ನಗರದ ದೊಡ್ಡ ಮಸೀದಿ ಇದಕ್ಕೆ ಶ್ರೇಷ್ಠ ಉದಾಹರಣೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಮಿಂಗ್ ಅರಸರ ಕಾಲದಲ್ಲಿ ರೂಪುಗೊಂಡ ಆ ಮಸೀದಿಯಲ್ಲಿ ಒಂದರ ಹಿಂದೊಂದು ಅಂಗಳಗಳಿವೆ. ಮರದ ಮಹಾದ್ವಾರ, ಶಿಲಾಶಾಸನಗಳ ಮಂಟಪ, ಮಿನಾರಿನ ಬದಲು ಎಂಟು ಮೂಲೆಯ ಉಪ್ಪರಿಗೆ, ಕೊನೆಗೆ ನಮಾಜಿನ ವಿಶಾಲ ಮರದ ಭವನ, ಎಲ್ಲವೂ ಒಂದೇ ಸಾಲಿನಲ್ಲಿವೆ. ಚೀನಾದ ಮಂದಿರಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿದರೆ, ಇದರ ಸಾಲು ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ; ಏಕೆಂದರೆ ಅಲ್ಲಿಂದ ಮಕ್ಕಾ ಇರುವುದು ಪಶ್ಚಿಮಕ್ಕೆ. ರೂಪವೆಲ್ಲ ನೆಲದ್ದು, ದಿಕ್ಕು ಮಾತ್ರ ನಂಬಿಕೆಯದು.

1862ರಲ್ಲಿ ವಾಯವ್ಯ ಚೀನಾದ ಶಾನ್‌ಶೀ ಮತ್ತು ಗಾನ್ಸು ಪ್ರಾಂತಗಳಲ್ಲಿ ಹುಯಿ ಜನರ ದಂಗೆ ಎದ್ದಿತು. ಚಿಂಗ್ ಚಕ್ರಾಧಿಪತ್ಯದ ಸೈನ್ಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ ಅದನ್ನು ಅಡಗಿಸಿತು. ಊರಿಗೆ ಊರೇ ಬರಿದಾದ ಕಾಲ ಅದು. ಅಳಿದುಳಿದವರಲ್ಲಿ ಕೆಲವು ತಂಡಗಳು ಪಶ್ಚಿಮಕ್ಕೆ ಓಡುತ್ತ ಓಡುತ್ತ 1877ರ ಕೊನೆಯ ಚಳಿಗಾಲದಲ್ಲಿ ತಿಯಾನ್‌ಶಾನ್ ಪರ್ವತವನ್ನೇರಿ ರಷ್ಯದ ಗಡಿಯನ್ನು ದಾಟಿದವು. ಹಿಮದಲ್ಲಿ ಮಕ್ಕಳು, ಮುದುಕರು ದಾರಿಯಲ್ಲಿಯೇ ಸತ್ತರು. ಗಾನ್ಸುವಿನಿಂದ ಬಂದ ಒಂದು ತಂಡ 1878ರ ವಸಂತದಲ್ಲಿ ಕರಾಕೋಲಿಗೆ ಸಮೀಪದ ಇರ್ದಿಕ್ ಎಂಬಲ್ಲಿ ನೆಲೆ ನಿಂತಿತು. ಬಂದು ಮುಟ್ಟಿದಾಗ ಅವರ ಎಣಿಕೆ 1130. ಶಾನ್‌ಶೀಯಿಂದ ಬಾಯ್ ಯಾನ್‌ಹೂ ಎಂಬ ನಾಯಕನ ಹಿಂದೆ ಬಂದ ಇನ್ನೊಂದು ತಂಡ ಇಂದಿನ ಕಜಕಸ್ತಾನದ ಮಸಾಂಚಿ ಎಂಬಲ್ಲಿ ಉಳಿಯಿತು. ಅವರು 3314 ಮಂದಿ. 1880ರ ದಶಕದ ಮೊದಲ ವರ್ಷಗಳಲ್ಲಿ, ಇಲಿ ಕಣಿವೆಯನ್ನು ರಷ್ಯ ಚೀನಾಕ್ಕೆ ಹಿಂದಿರುಗಿಸಿದಾಗ, ಮತ್ತಷ್ಟು ಮಂದಿ ಗಡಿ ದಾಟಿದರು. ಈ ಎಲ್ಲರನ್ನೂ ರಷ್ಯನ್ನರು ಡುಂಗನ್ ಎಂದು ಕರೆದರು. ಅವರು ತಮ್ಮನ್ನು ತಾವು ಹುಯಿ ಎಂದೇ ಕರೆದುಕೊಳ್ಳುತ್ತಾರೆ.

ಕೈಯಲ್ಲಿ ಏನೂ ಇಲ್ಲದೆ ಬಂದ ಈ ಜನ ತರಕಾರಿ, ಬತ್ತ ಬೆಳೆಯುವುದರಲ್ಲಿ ನಿಷ್ಣಾತರು. ಒಂದು ತಲೆಮಾರು ಕಳೆಯುವುದರೊಳಗೆ ಕರಾಕೋಲಿನಲ್ಲಿ ಅವರದೇ ಕೇರಿ, ಅವರದೇ ಪೇಟೆ ಎದ್ದಿತು. ಬದುಕು ನೆಲೆಗೊಂಡ ಮೇಲೆ ಅವರು ಹಣ ಕೂಡಿಸಿ ಕಟ್ಟಿಸಿದ್ದೇ ಈ ಮಸೀದಿ.

ಮಸೀದಿಯ ಕಟ್ಟೋಣ

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕೆಲಸ ನಡೆದು 1910ರ ವೇಳೆಗೆ ಮಸೀದಿ ಪೂರ್ತಿಯಾಯಿತು. ಇದಕ್ಕಾಗಿ ಚೀನಾದಿಂದ ಒಬ್ಬ ಶಿಲ್ಪಿಯನ್ನೂ ಅವನೊಡನೆ ಇಪ್ಪತ್ತು ಮಂದಿ ಮರಗೆಲಸದವರನ್ನೂ ಕರೆಸಲಾಯಿತು. ಯಾವ ನಾಡಿನಿಂದ ಅಟ್ಟಿಸಿಕೊಂಡು ಬಂದಿದ್ದರೋ ಆ ನಾಡಿನಿಂದಲೇ ಬಡಗಿಗಳನ್ನು ಬರಮಾಡಿಕೊಂಡರು ಎಂಬುದನ್ನು ಇಲ್ಲಿ ಗಮನಿಸಬೇಕು. ರಷ್ಯದ ಆಳ್ವಿಕೆಯಲ್ಲಿದ್ದವರು ರಷ್ಯದ ಇಟ್ಟಿಗೆ ಕಟ್ಟಡವನ್ನು ಅನುಸರಿಸಬಹುದಿತ್ತು. ಸುತ್ತಣ ತುರ್ಕಿ ಮುಸಲ್ಮಾನರಂತೆ ಸಮರ್ಕಂದ್, ಬುಖಾರಗಳ ನೀಲಿ ಗುಮ್ಮಟವನ್ನು ಏರಿಸಬಹುದಿತ್ತು. ಅವೆರಡನ್ನೂ ಬಿಟ್ಟು ತಮ್ಮ ಅಜ್ಜಂದಿರು ನಮಾಜು ಮಾಡಿದ ರೀತಿಯ ಮಸೀದಿಯನ್ನೇ ಕಟ್ಟಿಸಿದರು. ಅರಸನೊಡನೆ ಹಗೆತನವಿತ್ತು, ಅಜ್ಜನ ಮನೆಯ ಮಾಡಿನೊಡನೆ ಇರಲಿಲ್ಲ.

ಬೀದಿಯ ಗೇಟು ದಾಟಿ ಒಳಗೆ ಹೋದರೆ ಎದುರಿಗೇ ಮಸೀದಿಯ ಮುಂಜಗಲಿ. ಕೆಂಪು ಬಣ್ಣದ ಕಂಬಗಳ ಸಾಲಿನ ಮೇಲೆ, ಮಾಡಿನ ಕೆಳಗೆ, ಹಸಿರು, ಹಳದಿ, ಕೆಂಪು, ನೀಲಿ ಬಣ್ಣ ಬಳಿದ ಕೆತ್ತನೆಯ ಪಟ್ಟಿಕೆಗಳು ಒಂದರ ಮೇಲೊಂದು ಪದರವಾಗಿ ಮುಂದಕ್ಕೆ ಚಾಚಿಕೊಂಡಿವೆ. ದ್ರಾಕ್ಷಿ, ದಾಳಿಂಬೆ, ಪೀಚ್ ಮೊದಲಾದ ಹಣ್ಣುಗಳು, ಎಲೆಬಳ್ಳಿಗಳು ಅಲ್ಲಿ ಮೂಡಿವೆ. ನಡುನಡುವೆ ಚೀನೀಯರ ಡ್ರಾಗನ್ನೂ ಇಣುಕುತ್ತದೆ. ಬೌದ್ಧ ಪರಂಪರೆಯ ಬೆಂಕಿಯ ಚಕ್ರವೂ ಉಂಟು. ಕೆಂಪು ಕೆಡುಕನ್ನು ಕಳೆಯುವುದು, ಹಸಿರು ಸಂತೋಷದ್ದು, ಹಳದಿ ಸಂಪತ್ತಿನದು ಎಂದು ಅಲ್ಲಿಯವರು ವಿವರಿಸುತ್ತಾರೆ. ಮಾಡಿನ ಅಂಚುಗಳು ಮೂಲೆಯಲ್ಲಿ ಮೇಲಕ್ಕೆ ಬಾಗಿವೆ. ಮಿನಾರು ಸಹ ಮರದ್ದೇ. ಸಣ್ಣ ಚೀನೀ ಗೋಪುರದಂತೆ ಬೇರೆಯಾಗಿ ನಿಂತಿದೆ. ಮಸೀದಿಯೆಂಬುದಕ್ಕೆ ಮಾಡಿನ ಮೇಲಿನ ಅರ್ಧಚಂದ್ರವೊಂದೇ ಗುರುತು.

ಈ ಕಟ್ಟಡಕ್ಕೆ ಕಬ್ಬಿಣದ ಮೊಳೆ ಬಳಸಿಲ್ಲ ಎಂಬುದು ಅದರ ಮುಖ್ಯ ಖ್ಯಾತಿ. ಕಟ್ಟಡದ ವಿಷಯದಲ್ಲಿ ಆಸಕ್ತಿಯುಳ್ಳವರಿಗಾಗಿ ಈ ವಿಧಾನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೀನೀ ಪದ್ಧತಿಯಲ್ಲಿ ಭಾರ ಹೊರುವುದು ಗೋಡೆಯಲ್ಲ, ಕಂಬ. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಾರೆ. ಕಂಬದ ತಲೆಗೂ ತೊಲೆಗೂ ನಡುವೆ ಬೋದಿಗೆಗಳ ಒಂದು ಗೊಂಚಲು ಇರುತ್ತದೆ. ಚೌಕದ ಮರದ ದಿಮ್ಮಿಯ ಮೇಲೆ ಅಡ್ಡಲಾಗಿ ಒಂದು ತೋಳು, ಅದರ ತುದಿಗಳ ಮೇಲೆ ಮತ್ತೆ ದಿಮ್ಮಿ, ಮತ್ತೆ ತೋಳು, ಹೀಗೆ ಏರುತ್ತ ಹೋಗುವ ಈ ಗೊಂಚಲನ್ನು ಅವರು ದೌಗೋಂಗ್ ಎನ್ನುತ್ತಾರೆ. ಒಂದೊಂದು ಪದರವೂ ಕೆಳಗಿನದಕ್ಕಿಂತ ಹೊರಕ್ಕೆ ಚಾಚುವುದರಿಂದ, ಗೋಡೆಯಿಂದ ಬಹಳ ಮುಂದಕ್ಕೆ ಬಂದ ಮಾಡಿನ ಭಾರವನ್ನೂ ಅದು ಹಿಡಿದು ಕಂಬಕ್ಕೆ ಇಳಿಸುತ್ತದೆ. ಒಂದು ಮರದ ಚಾಚಿದ ಮೂತಿಯನ್ನು ಇನ್ನೊಂದರ ಕುಳಿಯಲ್ಲಿ ಕೂರಿಸಿಯೇ ಎಲ್ಲ ಜೋಡಣೆ. ಕ್ರಿ. ಶ. 1103ರಲ್ಲಿಯೇ ಸೋಂಗ್ ಅರಸರ ಅಧಿಕಾರಿ ಲೀ ಜ್ಯೆ ಎಂಬುವನು ಇದರ ಅಳತೆಗಳನ್ನೆಲ್ಲ ಕ್ರಮಪಡಿಸಿದ ಕಟ್ಟಡ ಶಾಸ್ತ್ರ ಗ್ರಂಥವನ್ನು ಹೊರತಂದಿದ್ದನು. ತೋಳಿನ ಮರದ ಅಳತೆಯೊಂದನ್ನು ಹಿಡಿದರೆ ಉಳಿದೆಲ್ಲ ಭಾಗಗಳ ಅಳತೆಯೂ ಅದರಿಂದ ಹೊರಡುವಂತೆ ಆ ಶಾಸ್ತ್ರ ರಚಿತವಾಗಿದೆ. ಬಡಗಿಗೆ ನಕ್ಷೆಗಿಂತ ಗಣಿತ ಮುಖ್ಯವಾಗುವುದು ಹೀಗೆ.

ಇದರ ಪ್ರಯೋಜನ ಭೂಕಂಪದಲ್ಲಿ ಗೊತ್ತಾಗುತ್ತದೆ. ನೆಲ ಅಲುಗಿದಾಗ ಬಿಗಿಯಾಗಿ ಬೆಸೆದ ಕಟ್ಟಡ ಬಿರಿಯುತ್ತದೆ. ಕುಳಿ-ಮೂತಿಯ ಜೋಡಣೆಗಳು ಕೊಂಚ ಕೊಂಚ ಜಾರಿ, ಉಜ್ಜಿ, ಆ ಅಲುಗಾಟದ ರಭಸವನ್ನು ತಾವೇ ನುಂಗಿಕೊಳ್ಳುತ್ತವೆ. ಗೋಡೆ ಬಿದ್ದರೂ ಮನೆ ಬೀಳದು ಎಂಬ ಗಾದೆ ಚೀನೀಯರಲ್ಲಿ ಇರುವುದು ಇದರಿಂದಲೇ. ಇಸಿಕ್ ಕುಲ್ ಸೀಮೆ ಭೂಕಂಪಗಳ ತವರು. ಕರಾಕೋಲಿನಲ್ಲಿ ರಷ್ಯನ್ನರು ಮೊದಲು ಕಟ್ಟಿದ್ದ ಇಗರ್ಜಿ ಭೂಕಂಪಕ್ಕೆ ಉರುಳಿದ ಮೇಲೆ, 1895ರಲ್ಲಿ ಅವರೂ ಮರದ ಇಗರ್ಜಿಯನ್ನೇ ಕಟ್ಟಿದರು. 1911ರ ಜನವರಿಯಲ್ಲಿ ಸರೋವರದ ಉತ್ತರದ ಕೆಮಿನ್ ಕಣಿವೆಯಲ್ಲಿ ಹುಟ್ಟಿದ ಮಹಾಭೂಕಂಪ ಆ ಸೀಮೆಯನ್ನೆಲ್ಲ ನಡುಗಿಸಿತು. ಆಗಷ್ಟೇ ಕಟ್ಟಿ ಮುಗಿದಿದ್ದ ಮಸೀದಿ ಇಂದಿಗೂ ನಿಂತಿದೆ.

ನಮ್ಮ ಕರಾವಳಿಯವರಿಗೆ ಇದೆಲ್ಲ ಪರಕೀಯವೆನಿಸಬೇಕಾಗಿಲ್ಲ. ಗುಮ್ಮಟವಿಲ್ಲದ, ಹಂಚಿನ ಮಾಡಿನ, ಮರದ ಮಸೀದಿಗಳು ನಮ್ಮ ಪಕ್ಕದಲ್ಲಿಯೇ ಇದ್ದವು. ಕಲ್ಲಿಕೋಟೆಯ ಕುಟ್ಟಿಚ್ಚಿರದಲ್ಲಿರುವ ಮಿಶ್ಕಾಲ್ ಪಳ್ಳಿಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಅರಬ್ ನೌಕಾವರ್ತಕನೊಬ್ಬನು ಕಟ್ಟಿಸಿದನು. ಅದು ಅಂತಸ್ತು ಅಂತಸ್ತಾಗಿ ಏರುವ ಮಾಡುಗಳ ಮರದ ಕಟ್ಟಡ. 1510ರಲ್ಲಿ ಪೋರ್ಚುಗೀಸರು ಬೆಂಕಿಯಿಟ್ಟ ಮೇಲೂ ಅದು ಅದೇ ರೂಪದಲ್ಲಿ ಮರಳಿ ಎದ್ದಿತು. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮೇಲಂತಸ್ತಿನ ಮಾಡುಗಳನ್ನು ನೋಡಿ, ಕಟ್ಟಡ ಚರಿತ್ರೆಕಾರ ಜೇಮ್ಸ್ ಫರ್ಗುಸನ್ ನೇಪಾಳದ ಮಂದಿರಗಳನ್ನು ನೆನೆದಿದ್ದನು. ಬಸದಿಯಾಗಲಿ, ದೇವಸ್ಥಾನವಾಗಲಿ, ಪಳ್ಳಿಯಾಗಲಿ, ಮಳೆ ಸುರಿಯುವ ನಾಡಿನಲ್ಲಿ ಮಾಡು ಇಳಿಜಾರಾಗಿಯೇ ಇರಬೇಕು. ಮರ ಸಿಕ್ಕುವ ಕಡೆ ಬಡಗಿ ಮರದಲ್ಲಿಯೇ ಯೋಚಿಸುತ್ತಾನೆ. ಆದರೆ ಕರಾಕೋಲಿಗೂ ನಮಗೂ ಒಂದು ವ್ಯತ್ಯಾಸವಿದೆ. ಮಿಶ್ಕಾಲ್ ಪಳ್ಳಿ ನೆಲದವರಿಂದ ರೂಪವನ್ನು ಪಡೆಯಿತು. ಕರಾಕೋಲಿನ ಮಸೀದಿ ತೊರೆದ ನೆಲದ ರೂಪವನ್ನು ಹೊತ್ತು ತಂದಿತು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

1917ರ ಕ್ರಾಂತಿಯ ಬಳಿಕ ಸೋವಿಯತ್ ಸರಕಾರ ಧಾರ್ಮಿಕ ಸ್ಥಳಗಳನ್ನು ಒಂದೊಂದಾಗಿ ಮುಚ್ಚಿತು. 1930ರ ದಶಕದಲ್ಲಿ ಈ ಮಸೀದಿಯ ಬಾಗಿಲೂ ಮುಚ್ಚಿ, ಅದು ಉಗ್ರಾಣವಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರ ಹೊತ್ತಿಗೆ, ಜನರ ಬೆಂಬಲದ ಅಗತ್ಯವುಂಟಾದಾಗ ಸರಕಾರದ ಧೋರಣೆ ಸಡಿಲಗೊಂಡಿತು. ಆ ದಶಕದಲ್ಲಿಯೇ ಇಲ್ಲಿ ನಮಾಜು ಮರಳಿ ಆರಂಭವಾಯಿತು. ಇಂದು ಅದು ಸ್ಮಾರಕವೂ ಹೌದು, ದಿನಕ್ಕೆ ಐದು ಬಾರಿ ಬಾಂಗು ಕೇಳುವ ಮಸೀದಿಯೂ ಹೌದು. ಬಂದ ಪ್ರವಾಸಿಗರಿಂದ ಸಣ್ಣ ಶುಲ್ಕ ಪಡೆಯುತ್ತಾರೆ. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ಅದಕ್ಕೆ ಬೇಕಾದ ನಿಲುವಂಗಿಯನ್ನು ಬಾಗಿಲಲ್ಲಿಯೇ ಕೊಡುತ್ತಾರೆ.

ನಾವು ಹೋದಾಗ ಅಂಗಳದಲ್ಲಿ ವಯಸ್ಸಾದವರೊಬ್ಬರು ಎಲೆ ಗುಡಿಸುತ್ತಿದ್ದರು. ಹುಡುಗಿಗೆ ಅಷ್ಟಿಷ್ಟು ರಷ್ಯನ್ ಬರುತ್ತಿದ್ದುದರಿಂದ ಮಾತು ಸಾಧ್ಯವಾಯಿತು. ಮನೆಯಲ್ಲಿ ಯಾವ ಮಾತು ಎಂದು ಕೇಳಿಸಿದೆ. ಅವರು ಹೇಳಿದ್ದನ್ನು ಅವಳು ಕನ್ನಡದಲ್ಲಿ ತಿಳಿಸಿದಳು:

"ದೊಡ್ಡಪ್ಪ, ಮನೆಯಲ್ಲಿ ಅವರದೇ ಮಾತಂತೆ. ಪೇಟೆಯಲ್ಲಿ ಕಿರ್ಗಿಜ್, ಕಚೇರಿಯಲ್ಲಿ ರಷ್ಯನ್. ಬಾಂಗಿಗೆ ಅರಬ್ಬಿ."

"ಮೊಮ್ಮಕ್ಕಳು?"

ಅವರು ಪೊರಕೆಯನ್ನು ಗೋಡೆಗೆ ಒರಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರ ಕೊಟ್ಟರು. "ಅವರಿಗೆ ಅರ್ಥವಾಗುತ್ತದಂತೆ. ಉತ್ತರ ಕೊಡುವುದು ಮಾತ್ರ ರಷ್ಯನ್ನಿನಲ್ಲಂತೆ."

ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ ಎಂಬ ವ್ಯವಸ್ಥೆಯಲ್ಲಿ ಬೆಳೆದ ಕಾಸರಗೋಡಿನವನಿಗೆ ಆ ಉತ್ತರದ ಮೊದಲ ಭಾಗ ಸಹಜವೆನಿಸಿತು. ಎರಡನೆಯ ಭಾಗ ಮನಸ್ಸಿನಲ್ಲಿ ಉಳಿಯಿತು.

ಉಳಿದ ನುಡಿ, ಕಳೆದ ಲಿಪಿ

ಡುಂಗನ್ನರ ನುಡಿ ವಾಯವ್ಯ ಚೀನಾದ ಆಡುಮಾತು. ಅದರಲ್ಲಿ ಗಾನ್ಸು ಮತ್ತು ಶಾನ್‌ಶೀ ಎಂಬ ಎರಡು ಬಗೆ. ಗಡಿ ದಾಟಿ ಬಂದವರು ಬಹುತೇಕ ರೈತರು, ಸೈನಿಕರು. ಸಾವಿರಾರು ಚೀನೀ ಚಿತ್ರಾಕ್ಷರಗಳನ್ನು ಬಲ್ಲವರು ಅವರಲ್ಲಿ ಅತಿ ವಿರಳ. ಹೀಗಾಗಿ ಮಾತು ಉಳಿಯಿತು, ಲಿಪಿ ಕಳೆಯಿತು. ಸೋವಿಯತ್ ಕಾಲದಲ್ಲಿ 1920ರ ದಶಕದ ಕೊನೆಗೆ ಅವರ ನುಡಿಗೆ ರೋಮನ್ ಲಿಪಿಯನ್ನು ಅಳವಡಿಸಲಾಯಿತು. 1950ರ ದಶಕದಲ್ಲಿ ಅದು ರಷ್ಯನ್ನರ ಸಿರಿಲಿಕ್ ಲಿಪಿಗೆ ತಿರುಗಿತು. ಚೀನೀ ನುಡಿಯ ಒಂದು ಬಗೆ ಚಿತ್ರಾಕ್ಷರಗಳ ಹಂಗಿಲ್ಲದೆ, ಅಕ್ಷರಮಾಲೆಯೊಂದರಲ್ಲಿಯೇ ಸಾಹಿತ್ಯವನ್ನೂ ಪತ್ರಿಕೆಯನ್ನೂ ನಡೆಸುತ್ತಿರುವುದು ಭಾಷಾಶಾಸ್ತ್ರಜ್ಞರಿಗೆಲ್ಲ ಕುತೂಹಲದ ವಿಷಯ. ಯಾಸಿರ್ ಶಿವಾಜಾ (1906-1988) ಎಂಬ ಕವಿ ಈ ನುಡಿಯ ಲಿಖಿತ ಸಾಹಿತ್ಯಕ್ಕೆ ಬುನಾದಿ ಹಾಕಿದವರು. ಕಿರ್ಗಿಜ್‌ಸ್ತಾನ, ಕಜಕಸ್ತಾನಗಳೆರಡರಲ್ಲೂ ಸೇರಿ ಡುಂಗನ್ನರ ಸಂಖ್ಯೆ ಇಂದು ಒಂದು ಲಕ್ಷಕ್ಕೂ ಹೆಚ್ಚಿದೆ.

ಬೇರು ಕಡಿದುಹೋದ ನುಡಿ ಕೆಲವು ಹಳೆಯ ಮಾತುಗಳನ್ನು ತವರಿಗಿಂತ ಭದ್ರವಾಗಿ ಇಟ್ಟುಕೊಳ್ಳುತ್ತದೆ. ಚೀನಾದಲ್ಲಿ ಚಕ್ರಾಧಿಪತ್ಯದೊಂದಿಗೆ ಹಳತಾದ ಯಾಮೆನ್ ಎಂಬ ಶಬ್ದ ಡುಂಗನ್ನರ ಬಾಯಲ್ಲಿ ಸರಕಾರಿ ಕಚೇರಿಗೆ ಉಳಿದಿದೆ. ಶ್ಯಾನುಭೋಗ, ಪಟೇಲ, ಉಗ್ರಾಣಿ ಎಂಬ ಮಾತುಗಳು ನಮ್ಮ ಹಿರಿಯರ ಬಾಯಲ್ಲಿ ಉಳಿದಂತೆಯೇ ಇದು. ಧರ್ಮದ ಮಾತುಗಳಲ್ಲಿ ಪಾರಸಿ ಬಹಳ. ಸಹಧರ್ಮೀಯನನ್ನು ಚೀನಾದ ಹುಯಿ ಜನರು ದೋಸ್ತಿ ಎಂಬ ಪಾರಸಿ ಶಬ್ದದಿಂದ ಕರೆಯುತ್ತಾರೆ. ಕನ್ನಡಿಗನಿಗೆ ಅರ್ಥ ಹೇಳಿಕೊಡಬೇಕಾಗಿಲ್ಲದ ಮಾತು ಅದು.

ಈ ಉಳಿವಿನ ಹಿಂದೆ ಶಾಲೆಯೊಂದರ ಪರಂಪರೆಯಿದೆ. ಹದಿನಾರನೆಯ ಶತಮಾನದಲ್ಲಿ ಶಾನ್‌ಶೀ ಪ್ರಾಂತದ ಹೂ ದೆಂಗ್‌ಜೋ (1522-1597) ಎಂಬ ವಿದ್ವಾಂಸರು, ತಮ್ಮ ಜನರಲ್ಲಿ ಧರ್ಮಗ್ರಂಥಗಳನ್ನು ಓದಬಲ್ಲವರೇ ಇಲ್ಲವಾಗುತ್ತಿರುವುದನ್ನು ಕಂಡು, ತಮ್ಮ ಮನೆಯಲ್ಲಿಯೇ ಪಾಠ ಆರಂಭಿಸಿದರು. ಅರಬ್ಬಿ, ಪಾರಸಿ ಗ್ರಂಥಗಳನ್ನು ಚೀನೀ ಮಾತಿನಲ್ಲಿ ಅರ್ಥ ಹೇಳಿ ಕಲಿಸುವ ಕ್ರಮ ಅದು. ಮುಂದೆ ಅದು ಮಸೀದಿಗಳಿಗೆ ಹಬ್ಬಿತು. ವಿದ್ಯಾರ್ಥಿಗಳ ಊಟ, ವಸತಿಯ ವೆಚ್ಚವನ್ನು ಊರಿನವರೇ ಹೊತ್ತರು. ಇಂಥ ಪಾಠಗಳ ನಡುವೆ, ಚೀನೀ ಮಾತನ್ನು ಅರಬ್ಬಿ ಅಕ್ಷರಗಳಲ್ಲಿ ಬರೆದುಕೊಳ್ಳುವ ಶ್ಯಾವೆರ್‌ಜಿಂಗ್ ಎಂಬ ಬರವಣಿಗೆಯೂ ಬಳಕೆಯಲ್ಲಿತ್ತು. ಮಲಯಾಳವನ್ನು ಅರಬ್ಬಿಯಲ್ಲಿ, ತುಳುವನ್ನೂ ಕೊಂಕಣಿಯನ್ನೂ ಕನ್ನಡದಲ್ಲಿ ಬರೆಯುವುದನ್ನು ಕಂಡ ನಮಗೆ ಇದು ವಿಚಿತ್ರವಲ್ಲ. ಸರಕಾರದ ನೆರವಿಲ್ಲದೆ, ಊರಿನವರ ಅಕ್ಕಿಯಿಂದ ನಡೆದ ಶಾಲೆ ಒಂದು ಜನವನ್ನು ಶತಮಾನಗಳ ಕಾಲ ಉಳಿಸಿತು.

ತಾನಾಗಿ ಪಡೆದದ್ದು, ಹೇರಿದ್ದು

ಇತ್ತೀಚಿನ ಕೆಲವು ಸಂಗತಿಗಳನ್ನು ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಚೀನಾದಲ್ಲಿ ಸುಮಾರು 2018ರಿಂದೀಚೆಗೆ, ಅರಬ್ ರೀತಿಯ ಗುಮ್ಮಟ, ಮಿನಾರುಗಳಿದ್ದ ಮಸೀದಿಗಳಿಂದ ಅವನ್ನು ಇಳಿಸಿ ಚೀನೀ ಮಾಡುಗಳನ್ನು ಕೂರಿಸುವ ಕಾರ್ಯ ಸರಕಾರದ ಆಜ್ಞೆಯಂತೆ ನಡೆದಿದೆ. 2018ರ ಆಗಸ್ಟಿನಲ್ಲಿ ನಿಂಗ್‌ಶ್ಯಾ ಪ್ರಾಂತದ ವೈಜೋ ಎಂಬಲ್ಲಿ ಹುಯಿ ಜನರು ಮಸೀದಿಯ ಅಂಗಳದಲ್ಲಿ ನೆರೆದು ಪ್ರತಿಭಟಿಸಿದರೂ, ಗುಮ್ಮಟಗಳು ಉಳಿಯಲಿಲ್ಲ. ಯುನ್ನಾನ್ ಪ್ರಾಂತದ ಶಾದ್ಯೆನ್ ಮಸೀದಿಯ ದೊಡ್ಡ ಗುಮ್ಮಟವೂ 2024ರ ಹೊತ್ತಿಗೆ ಮರೆಯಾಗಿ, ಅಲ್ಲಿ ಚೀನೀ ಉಪ್ಪರಿಗೆ ಬಂದಿತು. ಹೊರನೋಟಕ್ಕೆ ಆ ಹೊಸ ಮಾಡುಗಳೂ ಕರಾಕೋಲಿನ ಮಾಡೂ ಒಂದೇ ಜಾತಿಯವು. ಆದರೆ ಕರಾಕೋಲಿನದು ಬಡವರು ಹಣ ಕೂಡಿಸಿ, ಬಡಗಿಗಳನ್ನು ದೂರದಿಂದ ಕರೆಸಿ, ಇಷ್ಟಪಟ್ಟು ಏರಿಸಿದ ಮಾಡು. ತಾನಾಗಿ ಪಡೆದ ರೂಪವೂ ಹೇರಿದ ರೂಪವೂ ಚಿತ್ರದಲ್ಲಿ ಒಂದೇ ಆಗಿ ಕಂಡರೂ ಬದುಕಿನಲ್ಲಿ ಒಂದಲ್ಲ. ನುಡಿಯ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ನೆರೆಯವರ ನುಡಿಯನ್ನು ನಾವು ಪ್ರೀತಿಯಿಂದ ಕಲಿತಿದ್ದೇವೆ, ಕಲಿಯುತ್ತಲೂ ಇರುತ್ತೇವೆ. ಅದಕ್ಕಾಗಿ ನಮ್ಮದನ್ನು ಬಿಡಬೇಕೆಂದರೆ ಮಾತ್ರ ಒಪ್ಪಲಾಗದು.

ಪರನಾಡಿನಲ್ಲಿ ಉಳಿದವರ ಬದುಕೂ ಸದಾ ನೆಮ್ಮದಿಯದಲ್ಲ. 2020ರ ಫೆಬ್ರವರಿಯಲ್ಲಿ ಕಜಕಸ್ತಾನದ ಮಸಾಂಚಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಡುಂಗನ್ನರ ಮೇಲೆ ದೊಂಬಿ ನಡೆದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಮನೆಗಳು ಉರಿದವು, ಸಾವಿರಾರು ಜನ ಕಿರ್ಗಿಜ್‌ಸ್ತಾನಕ್ಕೆ ಓಡಿಬಂದರು. ನೂರನಲವತ್ತು ವರ್ಷಗಳ ಬಳಿಕವೂ ಒಂದು ಜನವನ್ನು ಹೊರಗಿನವರೆಂದು ಎಣಿಸುವವರು ಇದ್ದೇ ಇರುತ್ತಾರೆ. ನೆರೆಹೊರೆಯ ಸೌಹಾರ್ದವನ್ನು ದಿನವೂ ಕಾದುಕೊಳ್ಳಬೇಕಾಗುತ್ತದೆಂಬುದಕ್ಕೆ ಇದು ಸಾಕ್ಷಿ. ಆ ದೃಷ್ಟಿಯಿಂದ ನಮ್ಮ ಸೀಮೆ ಪುಣ್ಯವಂತವೆಂದೇ ಹೇಳಬೇಕು.

ನಮ್ಮ ಪಾಲಿನ ಕೆಲಸ

1956ರ ನವೆಂಬರ್ 1ರಂದು ಗಡಿ ನಮ್ಮನ್ನು ದಾಟಿತು. ನಾವು ಗಡಿಯನ್ನು ದಾಟಿದವರಲ್ಲ. ಡುಂಗನ್ನರಂತೆ ಹಿಮದಲ್ಲಿ ನಡೆದು ಬರುವ ಕಷ್ಟ ನಮ್ಮ ಹಿರಿಯರಿಗೆ ಒದಗಲಿಲ್ಲ. ಲಿಪಿಯೂ ನಮ್ಮ ಕೈತಪ್ಪಲಿಲ್ಲ. ಅದಕ್ಕೆ ಕಾರಣ ನಮ್ಮ ಶಾಲೆಯಂಥ ಶಾಲೆಗಳು. ಕರಾಕೋಲಿನ ಹಿರಿಯರು ಮೊಮ್ಮಕ್ಕಳ ಬಗ್ಗೆ ಹೇಳಿದ ಮಾತನ್ನು ನಮ್ಮ ಮನೆಗಳಿಗೂ ಅನ್ವಯಿಸಿ ನೋಡೋಣ. ಕನ್ನಡ ಅರ್ಥವಾಗುವ, ಆದರೆ ಕನ್ನಡದಲ್ಲಿ ಉತ್ತರಿಸದ, ಓದಲು ಬಾರದ ಮಕ್ಕಳು ಹಳೆವಿದ್ಯಾರ್ಥಿಗಳ ಮನೆಗಳಲ್ಲಿಯೇ ಎಷ್ಟು ಮಂದಿ ಇದ್ದಾರೆಂಬುದನ್ನು ನಾವು ನಾವೇ ಬಲ್ಲೆವು.

ಹಾಗಾಗಿ ಈ ಸಂದರ್ಭದಲ್ಲಿ ಹಳೆವಿದ್ಯಾರ್ಥಿ ಸಂಘದ ಮುಂದೆ ಎರಡು ಸಲಹೆಗಳನ್ನಿಡುತ್ತೇನೆ. ಒಂದು, ದೂರದ ಊರುಗಳಲ್ಲಿರುವ ನಮ್ಮವರ ಮಕ್ಕಳಿಗೆ ಪ್ರತಿ ಬೇಸಿಗೆ ರಜೆಯಲ್ಲಿ ಶಾಲೆಯಲ್ಲಿಯೇ ಹದಿನೈದು ದಿನಗಳ ಅಕ್ಷರಾಭ್ಯಾಸದ ಶಿಬಿರವನ್ನು ನಡೆಸಬೇಕು. ಪಾಠ ಹೇಳಲು ನಿವೃತ್ತ ಅಧ್ಯಾಪಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇನ್ನೊಂದು, ಊರಿನ ಬಡಗಿಗಳು, ಕೃಷಿಕರು, ಅಡುಗೆಯವರು ಬಳಸುವ ಮಾತುಗಳನ್ನು ಅವರು ಇರುವಾಗಲೇ ವಿದ್ಯಾರ್ಥಿಗಳಿಂದ ಬರೆಯಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡಬೇಕು. ಪಕಾಸು, ರೀಪು, ಮುಚ್ಚಿಗೆ ಎಂಬ ಮಾತುಗಳು ಕಾಂಕ್ರೀಟಿನ ತಾರಸಿಯ ಕೆಳಗೆ ಬಹುಕಾಲ ಬದುಕಲಾರವು. ಇವೆರಡಕ್ಕೂ ದೊಡ್ಡ ನಿಧಿಯ ಅಗತ್ಯವಿಲ್ಲ. ನಮ್ಮ ಸಮಯದ ಅಗತ್ಯವಿದೆ. ಮೊದಲ ಶಿಬಿರಕ್ಕೆ ನನ್ನ ಹದಿನೈದು ದಿನಗಳನ್ನು ಈಗಲೇ ಬರೆದುಕೊಳ್ಳಬಹುದೆಂದು ಸಂಘದ ಕಾರ್ಯದರ್ಶಿಗಳಲ್ಲಿ ವಿನಂತಿ.